ಸೀಲಿಲ್ಲದ ಅಪೀಲು

ಅಕ್ಟೋಬರ್ 11, ಶುಕ್ರವಾರ
ಕಾರ್ಖಾನೆಯಲ್ಲಿ ಆಯುಧಪೂಜೆ. ಲೇತಿಗೆ ಕುಂಕುಮ, ಫೋರ್ಕ್‌ಲಿಫ್ಟಿಗೆ ಚೆಂಡುಹೂವು. ಯೂನಿಯನ್ ಪರವಾಗಿ ಕಾಯಿ ಒಡೆದದ್ದು ನಾನೇ, ಎಂದಿನಂತೆ. ಸ್ಟೋರ್ಸ್‌ನ ಕಮಲಾಕ್ಷಿಯ ಅಪೀಲನ್ನು ಪ್ರಸಾದದ ತಟ್ಟೆಯೊಂದಿಗೆ ಜಿ.ಎಂ. ಸಾಹೇಬರ ಕೈಗೇ ಕೊಟ್ಟೆ. ತಾಯಿಯ ಕಾಲು ಮುರಿದಾಗ ರಜೆ ಮಂಜೂರಾಗದೆ ಬೀದರ್‌ನಲ್ಲಿ ಇಪ್ಪತ್ತೆರಡು ದಿನ ಉಳಿದಳು — ಅದಕ್ಕೆ ವಜಾ. ಹದಿನಾರು ವರ್ಷದ ನೌಕರಿ! ಸಾಹೇಬರು ನಕ್ಕರು. "ದೇಖ್ತೇ ಹೈಂ, ಸುಬ್ಬರಾಯ." ನೋಡೋಣ ಎಂದರು, ಅಷ್ಟೇ.
ವಜಾ ಆದ ಮೇಲೆ ಅಪೀಲಿಗೆ ಗಡುವು 45 ದಿನ. ಇಂದು 38ನೆಯದು. ಅರ್ಜಿ ಸ್ವೀಕರಿಸುವ ಇನ್‌ವರ್ಡ್ ಕಿಟಕಿಯಲ್ಲಿ ನಿಂತು ಸೀಲು ಹಾಕಿಸಲಿಲ್ಲ. ಅದು ಬಾಯಿಲ್ಲದವರ ದಾರಿ.

ಅಕ್ಟೋಬರ್ 12
ಕಮಲಾಕ್ಷಿಯ ಫೋನು. "ಅಣ್ಣಾರ, ಸೀಲ್ ಬಿತ್ತೇನ್ರಿ?"
"ಬಿತ್ತವ್ವಾ. ಆರಾಮ ಇರು."
ವಿವರಿಸುವುದಕ್ಕಿಂತ ಇದು ಸುಲಭ.

ಜನವರಿ 20
ಸಾಹೇಬರಿಗೆ ವರ್ಗ. ಹೊಸಬರ ಫೈಲಿನಲ್ಲಿ ಅಪೀಲಿಲ್ಲ. ಬಾಡಿದ ಹೂವಿನ ಜೊತೆ ಕಸಕ್ಕೆ ಹೋಯಿತೋ...

ಮಾರ್ಚ್ 6
ಕಮಲಾಕ್ಷಿಯೊಂದಿಗೆ ದಿಲ್‌ಸುಖ್‌ನಗರದಲ್ಲಿ ವಕೀಲೆ ಶರ್ವರಿಯ ಆಫೀಸು. "ಕಂಪನಿ ಒಳಗಿನ ಅಪೀಲು ಮುಗಿಯೂಕಿಂತ ಮುಂಚೆ ಕೋರ್ಟಿಗೆ ಹೋದ್ರ, ಮೊದಲ ದಿನಾನ ವಾಪಸ್ ಕಳಸ್ತಾರ್ರಿ. ಸೀಲ್ ಇದ್ದ ಕಾಪಿ ಎಲ್ಲೈತಿ?"
ಕಮಲಾಕ್ಷಿ ಹೆಮ್ಮೆಯಿಂದ ನನ್ನತ್ತ ತಿರುಗಿದಳು. "ಅಣ್ಣಾರ ಕಡೆ ಐತ್ರಿ. ಅವರು ಬಸ್ ಟಿಕೆಟ್ ಸುದ್ದಾ ಒಗಿಯಂಗಿಲ್ಲ."
ಮೂವತ್ತು ವರ್ಷ ಮಾತಿನಿಂದಲೇ ಮೇಲೆ ಬಂದವನು. "ಮನಿಯಾಗ ಹುಡುಕ್ತೀನ್ರಿ" ಎಂದೆ. ಎರಡನೇ ಸುಳ್ಳು.

ಮಾರ್ಚ್ 9, ಭಾನುವಾರ
ನಿನ್ನೆ ಶರ್ವರಿಗೆ ಮಾತ್ರ ನಿಜ ಹೇಳಿದ್ದೆ. ಬೈಯಲಿಲ್ಲ, ಅದೇ ಕಷ್ಟವಾಯಿತು. "ಈಗರ ಅಪೀಲು ಹಾಕ್ರಿ. ತಡ ಯಾಕಾತು ಅಂತ ಕಾರಣ ಬರೀರಿ."
ಬರೆದೆ: ಅರ್ಜಿದಾರರ ಅನಾರೋಗ್ಯ. ಸೀಲಿನ ಕಾಪಿ ಸಿಗಲಿಲ್ಲ, ಹೊಸದಾಗಿ ಹಾಕಬೇಕು ಎಂದು ಹೇಳಿ ಸಹಿಗೆ ಒಯ್ದೆ. ಕಮಲಾಕ್ಷಿ ಓದಿ ನಕ್ಕೇಬಿಟ್ಟಳು.
"ನನಗೇನಾಗಿತ್ರಿ ಅಣ್ಣಾರ? ಜಡ್ಡು ಅಂತ ಸುಳ್ಳು ಸರ್ಟಿಫಿಕೇಟ್ ಕೊಟ್ಟಿದ್ರ, ಅವತ್ತ ನೌಕರಿ ಉಳೀತಿತ್ತು." ಹಾಳೆಯನ್ನು ಮೇಜಿನ ಮೇಲಿಟ್ಟು, "ನೀವು ಹೇಳ್ತೀರಿ ಅಂದ್ರ ಸಹಿ ಮಾಡ್ತೀನಿ."
ಪೆನ್ನಿಗೆ ಕೈ ಚಾಚಿದಳು. ಪೆನ್ನು ಬರೆಯುತ್ತಿಲ್ಲ ಎಂದೆ. ಬರೆಯುತ್ತಿತ್ತು.
"ನಾಳೆ ಮುಂಜಾನೆ ನಾನ ಪೆನ್ ತಗೊಂಡು ಬರ್ತೀನ್ರಿ, ನೀವ್ಯಾಕ ಅಡ್ಡಾಡ್ತೀರಿ."

ಮಾರ್ಚ್ 10, ಬೆಳಗ್ಗೆ 7
ಹೊಸ ಹಾಳೆ. 'ತಡಕ್ಕೆ ಕಾರಣ: ಅರ್ಜಿದಾರರ ಸಹಾಯಕ ಸುಬ್ಬರಾಯನಾದ ನಾನು ಅಪೀಲಿಗೆ ಸೀಲು ಹಾಕಿಸದೆ, ಹಾಕಿಸಿದ್ದೇನೆಂದು ಅವರನ್ನು ನಂಬಿಸಿದೆ.' ಕೆಳಗೆ ನನ್ನ ಸಹಿ. ಇದು ಒಳಗೆ ಹೋದರೆ ಯೂನಿಯನ್ನಿನ ಕುರ್ಚಿ ಹೋಯಿತು. ಹೋಗಲಿ ಎಂದು ಬರೆಯಲು ಕೈ ಇನ್ನೂ ಒಪ್ಪುತ್ತಿಲ್ಲ.
ಬಾಗಿಲು ಬಡಿಯುತ್ತಿದ್ದಾಳೆ. "ಅಣ್ಣಾರ, ಎರಡು ಪೆನ್ ತಂದೀನ್ರಿ!"
ಈ ಹಾಳೆಯನ್ನೇ ಮೊದಲು ಅವಳ ಕೈಗೆ ಕೊಡುತ್ತೇನೆ.