ಅಮ್ಮನಿಗಾಗಿ ಕತ್ತರಿಸಿದ ಸಿನಿಮಾಗಳು

ಮಾರ್ಚ್ ೧೧, ಬುಧವಾರ

ಅಕ್ಕಾ,

ಮನೆ ಸಿಕ್ಕಿತು, ಕೊನೆಗೂ ಸಿಕ್ಕಿತು, ಎರಡು ಕೋಣೆಯ ಮನೆ, ಅದರಲ್ಲಿ ಒಂದು ಕೋಣೆ ಅಮ್ಮನದು. ನೋಡು, ಯೋಗಕ್ಷೇಮ ಕೇಳುವ ಮೊದಲೇ ಬಾಯಿ ಬಿಟ್ಟೆ. ಹೇಗಿದ್ದೀಯ? ಭಾವನವರ ಬೆನ್ನುನೋವು ಹೇಗಿದೆ? ನಿನ್ನ ಕಾಗದ ಬಂದು ಬಹಳ ದಿನವಾಯಿತು, ಉತ್ತರ ತಡವಾದದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಬರೆಯಲು ಕೂತಾಗಲೆಲ್ಲ ಸಿಟ್ಟು ನೆತ್ತಿಗೇರಿ ಹಾಳೆ ಹರಿದು ಹಾಕುತ್ತಿದ್ದೆ. ಈಗ ಮನೆ ಸಿಕ್ಕ ಖುಷಿ ಆ ಸಿಟ್ಟಿನ ಮೇಲೆ ಗಟ್ಟಿಯಾಗಿ ಕೂತಿರುವುದರಿಂದ ಪೆನ್ನು ಸ್ವಲ್ಪ ಮಾತು ಕೇಳುತ್ತಿದೆ.

ಫೋನಿನಲ್ಲಿ ನೀನು ನನ್ನನ್ನು ಬ್ಲಾಕ್ ಮಾಡಿದ್ದರಿಂದ ಒಂದು ಉಪಕಾರವಂತೂ ಆಗಿದೆ. ಕಾನ್ವೆಂಟಿನಲ್ಲಿ ಓದಿದವಳಿಗೆ ಕನ್ನಡದಲ್ಲಿ ನಾಲ್ಕು ಸಾಲು ನೆಟ್ಟಗೆ ಬರೆಯಲು ಬರುವುದಿಲ್ಲ ಎಂದು ಎಲ್ಲರ ಮುಂದೆ ಆಡಿಕೊಳ್ಳುತ್ತಿದ್ದೆಯಲ್ಲ, ಈಗ ಹಾಳೆಗಟ್ಟಲೆ ಬರೆಯುತ್ತಿದ್ದೇನೆ. ತಪ್ಪಿದ್ದರೆ ಕೆಂಪು ಶಾಯಿಯಲ್ಲಿ ತಿದ್ದು. ಟೀಚರ್ ಕೈಗೆ ಅದೇನು ಹೊಸದಲ್ಲ.

ಮೊದಲು ಮನೆಯ ವಿಷಯ. ಮೂರನೇ ಮಹಡಿ, ಲಿಫ್ಟ್ ಇದೆ. ಅಡುಗೆಮನೆ ಎಷ್ಟು ಚಿಕ್ಕದೆಂದರೆ ಇಬ್ಬರು ನಿಂತರೆ ಡಿಕ್ಕಿ ಹೊಡೆಯಲೇಬೇಕು, ನಾವು ಬೇಕೆಂದೇ ಇಬ್ಬರೂ ನಿಲ್ಲುತ್ತೇವೆ. ಮುಖ ಸಿಂಡರಿಸಬೇಡ, ಹೊಸದಾಗಿ ಮದುವೆಯಾದವರು ಎಲ್ಲ ಊರಲ್ಲೂ ಹೀಗೇ. ಅಮ್ಮನ ಕೋಣೆಯ ಕಿಟಕಿಯಿಂದ ಬಸ್ ನಿಲ್ದಾಣ ಕಾಣುತ್ತದೆ. ಜನ ಬರುತ್ತಾರೆ, ನಿಲ್ಲುತ್ತಾರೆ, ಹತ್ತಿ ಹೋಗುತ್ತಾರೆ, ಯಾರೂ ಯಾರಿಗೂ ಹೊಡೆಯುವುದಿಲ್ಲ. ಇಷ್ಟು ಒಳ್ಳೆಯ ಕಾರ್ಯಕ್ರಮ ನಿಮ್ಮ ಮನೆಯ ದೊಡ್ಡ ಟಿವಿಯಲ್ಲಿ ಒಂದು ದಿನವೂ ಬಂದದ್ದು ನಾನು ಕಾಣೆ. ನನ್ನ ಗಂಡ ಗೋಡೆಗೆ ಪುಟ್ಟದೊಂದು ಟಿವಿ ಹಾಕಿದ್ದಾನೆ. ಅದಕ್ಕೆ ಕೇಬಲ್ ಇಲ್ಲ. ನಾವು ತುಂಬಿದ್ದು ಮಾತ್ರ ಅದರಲ್ಲಿ ಓಡುತ್ತದೆ.

ಈಗ ನಿನ್ನ ಕಾಗದಕ್ಕೆ ಬರುತ್ತೇನೆ. "ಹೊಸ ಗಂಡ ಆಯ್ತು, ಹೊಸ ಮನೆ ಹುಡುಕ್ತಿದೀಯ, ಅದರ ಜೊತೆ ಆಟ ಆಡೋಕೆ ಒಬ್ಬಳು ಅಮ್ಮನೂ ಬೇಕಾ? ದೂರದಲ್ಲಿ ಕೂತು ಸಿನಿಮಾ ಆರಿಸೋದಲ್ಲ, ಒಂದು ದಿನ ಬಂದು ಅವಳ ಹಾಸಿಗೆ ಒಗಿ" ಎಂದು ಬರೆದಿದ್ದೀಯ. ಒಗೆಯುತ್ತೇನೆ. ಅದಕ್ಕೇ ತಾನೇ ಮನೆ ಹುಡುಕಿದ್ದು. ಆದರೆ ನಾನು ಕರೆದುಕೊಂಡು ಹೋಗುತ್ತೇನೆಂದಾಗ "ಅಮ್ಮ ಏನು ಸಾಮಾನಾ, ಅಲ್ಲಿಂದ ಇಲ್ಲಿಗೆ ಹೊತ್ಕೊಂಡು ಹೋಗೋಕೆ? ಜನ ನನ್ನ ಮುಖಕ್ಕೆ ಉಗೀತಾರೆ" ಎಂದವಳೂ ನೀನೇ. ಇಟ್ಟುಕೊಂಡರೆ ಹೊರೆ, ಕೊಟ್ಟರೆ ಅವಮಾನ. ಎರಡರಲ್ಲಿ ಒಂದನ್ನು ಆರಿಸಿಕೋ ಅಕ್ಕ, ಎರಡೂ ನಿನಗೇ ಸಿಗುವುದಿಲ್ಲ.

ಮದುವೆಗೆ ನೀನೂ ಭಾವನೂ ಇಬ್ಬರೇ ಬಂದಿರಿ. ಅಮ್ಮನಿಗೆ ಜ್ವರ ಎಂದಿರಿ. ಅದಕ್ಕೇ ನಾವು ಸ್ವಲ್ಪ ದಿನ ಬಿಟ್ಟು ನಿಮ್ಮ ಮನೆಗೆ ಬಂದದ್ದು. ಬಂದ ಸಂಜೆಯೇ ನೋಡಿದೆ. ಭಾವ ಊಟಕ್ಕೆ ಕೂತು ಸುದ್ದಿ ಹಾಕಿದರು. ಪರದೆಯ ತುಂಬ ಚೌಕ ಚೌಕದಲ್ಲಿ ಜನ, ಎಲ್ಲರೂ ಒಟ್ಟಿಗೆ ಕಿರುಚುತ್ತಿದ್ದರು. ಅಮ್ಮ ಕುರ್ಚಿಯಿಂದ ಎದ್ದಳು. ಹೆರಿಗೆ ವಾರ್ಡಿನಲ್ಲಿ ನರ್ಸ್ ಆಗಿ ತಲೆಗೂದಲು ಹಣ್ಣು ಮಾಡಿಕೊಂಡವಳು, ಈ ಮರೆವು ಹಿಡಿದ ಮೇಲೆ ಅವಳ ಕಿವಿಗೆ ಅದು ಇನ್ನೇನು? ಟಿವಿಯ ಮುಂದೆ ನಿಂತು, ಕೈ ಮುಂದೆ ಮಾಡಿ, "ಗಲಾಟೆ ಮಾಡ್ಬೇಡ್ರಪ್ಪ, ಒಳಗೆ ಬಾಣಂತಿಯರು ಮಲಗಿದಾರೆ. ಎಲ್ಲ ಹೊರಗೆ ಬೆಂಚಿನ ಮೇಲೆ ಕೂತ್ಕೊಳ್ಳಿ, ಹೆಸರು ಕರೀತೀನಿ" ಎಂದಳು. ಅವರು ಕೇಳಲಿಲ್ಲ. ಅವಳು ಇನ್ನೂ ಜೋರಾಗಿ ಹೇಳಿದಳು. ಪರದೆಗೆ ಅಂಗೈ ಒತ್ತಿ ಅವರನ್ನು ಹೊರಗೆ ದೂಡತೊಡಗಿದಳು. ಭಾವ ಏನು ಮಾಡಿದರು? ವಾಲ್ಯೂಮ್ ಜಾಸ್ತಿ ಮಾಡಿ ಫೋನಿನಲ್ಲಿ ಹಿಡಿದರು. "ಇವತ್ತು ಭಾರಿ ಫಾರ್ಮಲ್ಲಿದಾರೆ ನಮ್ಮತ್ತೆ" ಎಂದರು. ಆಫೀಸಿನವರಿಗೆಲ್ಲ ಕಳಿಸಿದ್ದಾರಂತೆ. ನೀನು ಅಡುಗೆಮನೆಯಿಂದ "ದಿನಾ ಇದೇ" ಎಂದೆಯೇ ಹೊರತು ಹೊರಗೆ ಬರಲಿಲ್ಲ.

ಅವರ ಅಂಗಿ ಜೇಬಿನಿಂದ ರಿಮೋಟ್ ಕಿತ್ತುಕೊಂಡದ್ದಕ್ಕೆ ಇವತ್ತಿಗೂ ನನಗೆ ಪಶ್ಚಾತ್ತಾಪವಿಲ್ಲ. ಬೆನ್ನು ಉಳುಕಿದ್ದು ಆಗಲೇ ಎಂದು ಬರೆದಿದ್ದೀಯ. ರಿಮೋಟ್ ಕಿತ್ತರೆ ಬೆನ್ನು ಉಳುಕುವ ಗಂಡಸನ್ನು ಇದೇ ಮೊದಲು ಕೇಳಿದ್ದು.

ಅಮ್ಮನಿಗೆ ಏನು ಹಾಕಬೇಕೆಂದು ನನಗೂ ಆಗ ಗೊತ್ತಿರಲಿಲ್ಲ. ಮರುದಿನ ಬೆಳಿಗ್ಗೆ ಕೂತು, ನಗುವ ಮಕ್ಕಳ ವಿಡಿಯೋ ಹಾಕಿದೆ. ಜಗತ್ತಿನಲ್ಲಿ ಇದಕ್ಕಿಂತ ಮೃದುವಾದದ್ದು ಯಾವುದಿದೆ ಎಂದುಕೊಂಡಿದ್ದೆ. ಅಮ್ಮ ಸೆರಗು ಸಿಕ್ಕಿಸಿಕೊಂಡು ನಿಂತಳು. "ಇಷ್ಟು ಕೂಸುಗಳನ್ನ ಹೀಗೆ ಬಿಟ್ಟು ತಾಯಂದಿರು ಎಲ್ಲಿ ಹೋದ್ರು? ಹಾಲು ಯಾರು ಕುಡಿಸ್ತಾರೆ?" ಎಂದು ಮಧ್ಯಾಹ್ನದವರೆಗೆ ಮನೆಯೆಲ್ಲ ಓಡಾಡಿದಳು. ನಗುವ ಮಗು ಕೂಡ ಅವಳಿಗೆ ಕೆಲಸವೇ. ಆಗ ನನ್ನ ಗಂಡ ಲ್ಯಾಪ್‌ಟಾಪ್ ತಂದ. ಅವನ ಸ್ಟುಡಿಯೋದವರು ಹೋಟೆಲಿನ ಹೊಸ ಸಿಬ್ಬಂದಿಗೆಂದು ಮಾಡಿದ ಚಿತ್ರ ಅದರಲ್ಲಿತ್ತು, ಅವನೇ ಎಡಿಟ್ ಮಾಡಿದ್ದು. ಒಗೆದ ಬಿಳಿ ಚಾದರಗಳನ್ನು ಇಬ್ಬರು ಹೆಂಗಸರು ಹೇಗೆ ಮಡಚಬೇಕೆಂದು ತೋರಿಸುತ್ತಾರೆ, ಅಷ್ಟೇ. ಮಾತಿಲ್ಲ, ಸಂಗೀತವಿಲ್ಲ. ಅಮ್ಮ ಕೂತಳು. ಮಡಿಲಲ್ಲಿ ಅವಳ ಕೈಗಳೂ ಮಡಚಲು ಶುರುಮಾಡಿದವು. ಸ್ವಲ್ಪ ಹೊತ್ತಾದ ಮೇಲೆ ಪರದೆಯ ಕಡೆ ಬೆರಳು ಮಾಡಿ, "ಎಡಗಡೆಯವಳು ಮೂಲೆ ಸರಿ ಹಿಡಿದಿಲ್ಲ. ಹೊಸಬಳು ಪಾಪ, ಕಲೀತಾಳೆ" ಎಂದಳು. ನಾನು ಅವನನ್ನು ಅಲ್ಲೇ ಅಪ್ಪಿಕೊಂಡೆ. ನೀನು "ಥೂ, ನಾಚಿಕೆ ಇಲ್ವಾ ನಿಂಗೆ" ಎಂದೆ. ಇಲ್ಲ.

ಇಲ್ಲಿಗೆ ವಾಪಸ್ಸಾದ ಮೇಲೆ ನಮ್ಮ ಸಂಜೆಗಳೆಲ್ಲ ಅಮ್ಮನ ಸಿನಿಮಾಗಳಿಗೇ. ಹಳೆಯ ಕಪ್ಪು-ಬಿಳುಪಿನ ಹಾಸ್ಯ ಚಿತ್ರಗಳನ್ನು ತಂದು ಮೊದಲು ನಾನು ಪೂರ್ತಿ ನೋಡುತ್ತೇನೆ, ಅಮ್ಮನ ಕಣ್ಣಿಂದ ನೋಡುತ್ತೇನೆ. ಎಲ್ಲಿ ಕೈ ಎತ್ತುತ್ತೇನೋ ಅಲ್ಲಿ ಅವನು ಕತ್ತರಿಸುತ್ತಾನೆ. ಆಸ್ಪತ್ರೆ ಬಂದರೆ ತೆಗಿ. ಮಗು ಅತ್ತರೆ ತೆಗಿ. ಬಾಗಿಲು ಬಡಿದರೆ ತೆಗಿ, ಅಮ್ಮ ಎದ್ದು ಹೋಗಿ ಬಾಗಿಲು ತೆರೆಯುತ್ತಾಳೆ. ಟೆಲಿಫೋನ್ ಕಿಣಿಕಿಣಿ ಅಂದರಂತೂ ತೆಗೆಯಲೇಬೇಕು, ಅದು ಡ್ಯೂಟಿ ಕರೆ. ಒಂದು ಚಿತ್ರದಲ್ಲಿ ಆಸ್ತಿ ಜಗಳ, ಕೋರ್ಟು, ಸಾವು ಎಲ್ಲ ತೆಗೆದ ಮೇಲೆ ಉಳಿದದ್ದು ಒಂದು ಸೈಕಲ್ ಸವಾರಿ, ಎರಡು ಹಾಡು ಮತ್ತು ನಾಯಿಗೆ ಸ್ನಾನ. "ಇದರ ಕಥೆ ಏನೇ?" ಎಂದ ನನ್ನ ಗಂಡ. "ನಾಯಿ ಶುದ್ಧವಾಯ್ತು" ಎಂದೆ. ನಗು ತಡೆಯಲಾರದೆ ಅವನು ಕುರ್ಚಿಯಿಂದ ಜಾರಿದ. ಇಷ್ಟು ಸುಖವಾಗಿ ನಾನು ಯಾವ ಕೆಲಸವನ್ನೂ ಮಾಡಿಲ್ಲ ಅಕ್ಕ.

ಅದನ್ನೆಲ್ಲ ಪೆನ್ ಡ್ರೈವಿನಲ್ಲಿ ತುಂಬಿ, ಯಾವ ಹೊತ್ತಿಗೆ ಯಾವುದನ್ನು ಹಾಕಬೇಕೆಂದು ಹೇಳಿ ಕಳಿಸಿದೆ. ಅದೀಗ ಭಾವನವರ ಕಾರಿನಲ್ಲಿದೆ ಎಂದು ಅಮ್ಮನನ್ನು ನೋಡಿಕೊಳ್ಳುವ ಆಯಾ ಹೇಳಿದಳು. ನಮ್ಮ ಸಿನಿಮಾಗಳನ್ನು ಅಳಿಸಿ ಅವರು ಡಿಸ್ಕೋ ಹಾಡು ತುಂಬಿಸಿಕೊಂಡಿದ್ದಾರಂತೆ. ನೀನು ಅದನ್ನು ಅಲ್ಲಗಳೆಯಲೂ ಇಲ್ಲ. "ಬಟ್ಟೆ ಮಡಚೋ ಸಿನಿಮಾ ನೋಡೋ ಹುಚ್ಚು ನಮ್ಮನೇಲಿ ಯಾರಿಗೂ ಇಲ್ಲ. ಇಡೀ ದಿನ ಶಾಲೇಲಿ ಕಿರುಚಿ ಬಂದು ನನಗೂ ಒಂದು ಸೀರಿಯಲ್ ನೋಡೋ ಹಕ್ಕಿದೆ" ಎಂದು ಬರೆದಿದ್ದೀಯ. ಇದೆ. ಬೇರೆ ಕೋಣೆಯಲ್ಲಿ ನೋಡು. ಹೆಡ್‌ಫೋನ್ ಹಾಕಿಕೊಂಡು ನೋಡು, ನಾನೇ ಕೊಡಿಸುತ್ತೇನೆ. ಅಮ್ಮನ ಕುರ್ಚಿಯ ಮುಂದೆಯೇ ಆ ಹೆಂಗಸರು ಒಬ್ಬರಿಗೊಬ್ಬರು ಹಾಲಿನಲ್ಲಿ ವಿಷ ಬೆರೆಸಬೇಕೆ? ಅದಾದ ಮೇಲೆ ಅಮ್ಮ ರಾತ್ರಿ ಹಾಲು ಕುಡಿಯುವುದನ್ನೇ ಬಿಟ್ಟಳು. ನೀನು ಅದಕ್ಕೆ "ಹಟಮಾರಿ ಮುದುಕಿ" ಎಂದೆ. ಹಟ ಅಲ್ಲ ಅಕ್ಕ, ಭಯ. ಮಕ್ಕಳಿಗೆ ಪಾಠ ಹೇಳುವವಳಿಗೆ ಇವೆರಡರ ವ್ಯತ್ಯಾಸ ಗೊತ್ತಿರಬೇಕಿತ್ತು.

ನೀನು ಸೋತಿದ್ದೀಯ, ನನಗೆ ಗೊತ್ತು. ನಾಲ್ಕು ವರ್ಷ ನೀನೇ ನೋಡಿಕೊಂಡೆ, ನಾನು ಹಾಸ್ಟೆಲಿನಲ್ಲಿದ್ದೆ, ಆಮೇಲೆ ಕೆಲಸ ಎಂದೆ. ಅದಕ್ಕೆ ನಿನ್ನ ಕಾಲು ಹಿಡಿಯಬೇಕೆಂದರೆ ಹಿಡಿಯುತ್ತೇನೆ. ಆದರೆ ಸೋತವಳು ಸೋತೆ ಎನ್ನಬೇಕು. ಕೈಚಾಚಿದವಳ ಕೈಗೆ ಹೊಡೆಯಬಾರದು. "ಮೂರು ತಿಂಗಳಲ್ಲಿ ವಾಪಸ್ ತಂದು ಬಿಡ್ತೀಯ, ಆಗ ನಾನು ಬಾಗಿಲು ತೆಗೆಯಲ್ಲ" ಎಂದಿದ್ದೀಯಲ್ಲ, ತೆಗೆಯಬೇಡ. ನಾವು ತಟ್ಟುವುದೂ ಇಲ್ಲ. ಈ ಸಲ ಅಮ್ಮನನ್ನು ಕರೆದುಕೊಂಡೇ ಹೋಗುತ್ತೇನೆ. ಭಾವ ಅಡ್ಡ ನಿಂತರೆ ಬೆನ್ನು ಜೋಪಾನ ಎಂದು ಹೇಳು.

ಚಿಕ್ಕವಳು ದೊಡ್ಡವರಿಗೆ ಆಶೀರ್ವಾದ ಮಾಡುವಂತಿಲ್ಲ. ಆದರೂ ನಿನ್ನ ಕಾಲುನೋವು ಕಡಿಮೆಯಾಗಲಿ, ನಿನ್ನ ತರಗತಿಯ ಮಕ್ಕಳು ಒಂದು ದಿನವಾದರೂ ಬಾಯಿ ಮುಚ್ಚಿ ಕೂರಲಿ, ನೀನು ಹೊಟ್ಟೆ ತುಂಬ ಉಂಡು ಕಣ್ತುಂಬ ನಿದ್ದೆ ಮಾಡು. ಇದನ್ನು ಸಿಟ್ಟಿನಲ್ಲೇ ಹೇಳುತ್ತಿದ್ದೇನೆ, ಆದರೆ ಸುಳ್ಳು ಹೇಳುತ್ತಿಲ್ಲ.

ನಿನ್ನ ತಂಗಿ,
ಗುಬ್ಬಿ

ಮತ್ತೆ: ಇದನ್ನು ಬರೆಯಬಾರದು ಎಂದೇ ಇಷ್ಟು ಹೊತ್ತೂ ಮನೆ, ಸಿನಿಮಾ ಎಂದು ಹರಟಿದೆ. ಲಕೋಟೆ ಅಂಟಿಸಲು ಕೈ ಬರುತ್ತಿಲ್ಲ. ನಿನ್ನೆ ಆಯಾ ತನ್ನ ಫೋನಿನಿಂದ ಅಮ್ಮನ ಹತ್ತಿರ ಮಾತಾಡಿಸಿದಳು. "ಅಮ್ಮಾ, ನಾನು ಗುಬ್ಬಿ" ಎಂದೆ. "ಯಾರಮ್ಮ? ಯಾವ ಹಾಸಿಗೆ?" ಎಂದಳು. "ನಿನ್ನ ಚಿಕ್ಕ ಮಗಳು ಅಮ್ಮಾ" ಎಂದೆ. ಅವಳು ವಾರ್ಡಿನಲ್ಲಿ ಕೆಟ್ಟ ಸುದ್ದಿ ಹೇಳುವಾಗಿನ ಆ ಮೆಲ್ಲನೆಯ ದನಿಯಲ್ಲಿ, ನನ್ನನ್ನೇ ಸಮಾಧಾನ ಮಾಡುವಂತೆ ಹೇಳಿದಳು: "ನನ್ನ ಚಿಕ್ಕ ಮಗಳು ಇಲ್ಲಮ್ಮ. ಮದುವೆಯಾದ ಮನೆಯವರು ಅವಳನ್ನ ಮೆಟ್ಟಿಲ ಮೇಲಿಂದ ತಳ್ಳಿಬಿಟ್ಟರು. ನಾನೇ ಕಣ್ಣಾರೆ ನೋಡ್ದೆ. ಎಷ್ಟು ಕೂಗ್ಕೊಂಡೆ, ಯಾರೂ ಬರಲಿಲ್ಲ."

ಆಯಾ ಅತ್ತುಕೊಂಡೇ ಎಲ್ಲ ಹೇಳಿದಳು. ನನ್ನ ಮದುವೆಯ ದಿನ ಅಮ್ಮನಿಗೆ ಜ್ವರ ಇರಲಿಲ್ಲ. ಹೊಸ ಸೀರೆ ಉಟ್ಟು ಬೆಳಿಗ್ಗೆಯಿಂದ ಕಾಯುತ್ತಿದ್ದವಳನ್ನು ನೀನು ಟಿವಿ ಮುಂದೆ ಕೂರಿಸಿದೆ. ನಿನ್ನ ಸೀರಿಯಲ್ಲಿನಲ್ಲಿ ಆ ವಾರ ಮದುವೆ ನಡೆಯುತ್ತಿತ್ತು. "ನೋಡಮ್ಮ, ಗುಬ್ಬಿ ಮದುವೆ ಟಿವೀಲೇ ತೋರಿಸ್ತಿದಾರೆ, ಇಲ್ಲೇ ಕೂತು ನೋಡು" ಎಂದು ಹೇಳಿ ನೀವಿಬ್ಬರೂ ಹೊರಟುಬಂದಿರಿ. ಅಮ್ಮ ನಂಬಿದಳು. ಅವತ್ತಿನಿಂದ ದಿನಾ ಆ ಹೊತ್ತಿಗೆ ಮಗಳ ಸಂಸಾರ ನೋಡಲು ಕುರ್ಚಿ ಹತ್ತಿರ ಎಳೆದುಕೊಂಡು ಕೂರುತ್ತಿದ್ದಳಂತೆ. ನಾವು ಬಂದಾಗ ನನ್ನ ಗಂಡನನ್ನು ನೋಡಿ "ಆ ಎತ್ತರದ ಹುಡುಗ ಎಲ್ಲಿ?" ಎಂದು ಯಾಕೆ ಕೇಳಿದಳೆಂದು ಈಗ ತಿಳಿಯಿತು. ಕಳೆದ ತಿಂಗಳು ಸೀರಿಯಲ್ಲಿನವರು ಆ ಹುಡುಗಿಯನ್ನು ಕೊಂದರು. ಅದು ಸುಳ್ಳು, ಬರೀ ನಾಟಕ ಎಂದು ನೀನು ಈಗ ದಿನಾ ಹೇಳುತ್ತೀಯಂತೆ. ಹೇಗೆ ನಂಬುತ್ತಾಳೆ? ನಿಜ ಎಂದು ಹೇಳಿದವಳೂ ನೀನೇ.

ನನ್ನ ಮದುವೆಯನ್ನು ಅವಳಿಂದ ಕಿತ್ತುಕೊಂಡದ್ದನ್ನು ನಾನು ಹೇಗೋ ನುಂಗಿಕೊಳ್ಳಬಹುದು. ನನ್ನ ಸಾವನ್ನು ಅವಳಿಗೆ ಕೊಟ್ಟೆಯಲ್ಲ, ಅದನ್ನು ಯಾವ ಕತ್ತರಿಯಿಂದ ತೆಗೆಯಲಿ? ನಾನು ಬರುವ ವಿಷಯ ಅವಳಿಗೆ ಹೇಳಬೇಡ, ನಿನ್ನ ಬಾಯಿಂದ ಬಂದದ್ದನ್ನು ಅವಳು ಮತ್ತೆ ಟಿವಿಯಲ್ಲಿ ಹುಡುಕುತ್ತಾಳೆ. ಆ ಟಿವಿ ಆಫ್ ಮಾಡಿ, ಅವಳ ಕುರ್ಚಿಯನ್ನು ಬಾಗಿಲ ಕಡೆಗೆ ತಿರುಗಿಸಿಡು. ನಾನು ನಡೆದು ಒಳಗೆ ಬರುವುದನ್ನು ಅವಳು ಕಣ್ಣಾರೆ ನೋಡಲಿ. ಭಾನುವಾರ, ಬೆಳಗಿನ ಪ್ಯಾಸೆಂಜರ್ ರೈಲು.