ಯಾವ ‘ಲೆನ್’

ನವೆಂಬರ್ 9, ಶನಿವಾರ. ಬೆಳಿಗ್ಗೆ

ಕರಿಬೇರು ಲೆನ್ ಆಗಲಿ, ಆಮೇಲೆ ಕುಡಿ — ಎದೆಯ ಒಲೆ ಆರದು…

ಒಲೆಯೋ, ದೀಪವೋ? ಬಟ್ಟೆ ಹಿಂಡುತ್ತಿದ್ದಾಗ ಸಾಲು ತಾನಾಗಿ ಬಾಯಿಗೆ ಬಂತು. ಅಮ್ಮ ಕಷಾಯದ ಕುಡಿಕೆಯ ಮುಂದೆ ಕೂತು ಗುನುಗುತ್ತಿದ್ದದ್ದು. ಒಲೆ ಎಂದೇ ನೆನಪು. ದೀಪವಾದರೂ ನಡೆದೀತು. ತೊಡಕಿರುವುದು ‘ಲೆನ್’ನಲ್ಲಿ.

ನಮ್ಮ ಚೀನಿ ಭಾಷೆಯಲ್ಲಿ, ಈ ನದಿಯ ಕಡೆಯವರ ಬಾಯಲ್ಲಿ ನಕಾರ, ಲಕಾರ ಒಂದೇ. ತಣ್ಣಗೆ ಎಂದರೂ ಲೆನ್. ಮೆತ್ತಗೆ ಎಂದರೂ ಲೆನ್. ಮಾತಾಡುವಾಗ ದನಿಯ ಏರಿಳಿತದಲ್ಲಿ ಯಾವುದು ಎಂದು ತಿಳಿಯುತ್ತದೆ. ಹಾಡಿದರೆ ಮುಗಿಯಿತು. ರಾಗ ಆ ಏರಿಳಿತವನ್ನೆಲ್ಲ ನುಂಗಿಬಿಡುತ್ತದೆ.

ಕರಿಬೇರು ಮೆತ್ತಗಾದ ಮೇಲೆ ಕುಡಿಯಬೇಕೋ? ಕಷಾಯ ತಣ್ಣಗಾದ ಮೇಲೆ ಕುಡಿಯಬೇಕೋ?

ಯಾವುದೆಂದು ಸೋಮವಾರ ಪ್ರೊಫೆಸರ್ ಯಾನ್‌ಗೆ ಹೇಳಬೇಕು. ಹೃದ್ರೋಗಕ್ಕೆ ಅಮ್ಮ ಕೊಡುತ್ತಿದ್ದ ಕಷಾಯವನ್ನು ನಮ್ಮ ಆಸ್ಪತ್ರೆ ಟ್ರಯಲ್‌ಗೆ ತೆಗೆದುಕೊಂಡಿದೆ. ಲ್ಯಾಬ್ ಕೆಲಸ ನನ್ನದು. ‘ಮೂಲ ವೈದ್ಯೆ ಕೊಡುತ್ತಿದ್ದ ಕ್ರಮ’ ಎಂಬಲ್ಲಿ ಒಂದು ಸಾಲು ತುಂಬಬೇಕಂತೆ. ಅಮ್ಮ ಏನನ್ನೂ ಬರೆದಿಡಲಿಲ್ಲ. ಅವಳ ಗುರುವೂ ಬರೆಯಲಿಲ್ಲ. ಹೋದ ಚಳಿಗಾಲದಲ್ಲಿ ಅಮ್ಮ ತೀರಿಕೊಂಡಳು. ಒಲೆಯ ಪಕ್ಕ ಕೂತು ಕೇಳಿದವಳು ನಾನೊಬ್ಬಳೇ.

ಮಧ್ಯಾಹ್ನಕ್ಕೆ ಎಲೆಕೋಸು ಮಾಡಿದೆ. ಅಮ್ಮನ ಉಪ್ಪಿನ ಡಬ್ಬಿಯೇ ಇನ್ನೂ. ಕೊನೆಕೊನೆಗೆ ಅವಳ ಅಡುಗೆ ಬಾಯಿಗಿಡಲಾಗುತ್ತಿರಲಿಲ್ಲ, ಅಷ್ಟು ಉಪ್ಪು. ಪಕ್ಕದ ಮನೆಯ ಲುವೋ ಮಾವ ರೇಗಿಸುತ್ತಿದ್ದರು, “ಅಕ್ಕಾ, ಉಪ್ಪಿನ ಬಾವಿಯನ್ನೇ ಮದುವೆಯಾಗಿದ್ದೀಯೇನು?” ಎಂದು. ಆದರೂ ಉಂಡೇ ಏಳುತ್ತಿದ್ದರು. ಅವರ ಹೃದಯದ ಕಾಯಿಲೆಯೂ ಅಮ್ಮನ ಕೈಯಲ್ಲೇ ಇತ್ತಲ್ಲ, ಎಷ್ಟೋ ವರ್ಷ.

ನವೆಂಬರ್ 11, ಸೋಮವಾರ

‘ತಣ್ಣಗೆ’ ಎಂದೆ.

ನನಗೆ ಕಣ್ಣಿಗೆ ಕಟ್ಟಿದಂತಿರುವುದು ಕಿಟಕಿಯ ಕಟ್ಟೆ. ಅದರ ಮೇಲೆ ನೀಲಿ ಅಂಚಿನ ಬಟ್ಟಲು. ಅದರಲ್ಲಿ ಕಷಾಯ ಆರುತ್ತಿತ್ತು. ಪ್ರತಿ ದಿನ. ಇನ್ನೇನು ಸಾಕ್ಷಿ ಬೇಕು?

ವಾರ್ಡಿನ ಡಾಕ್ಟರ್ ಹೋ ಬಿನ್ ಕಿಚಾಯಿಸಿದ. ಅಮ್ಮನ ಲಾಲಿಹಾಡನ್ನು ಅಡಿಟಿಪ್ಪಣಿಗೆ ಹಾಕೋಣವೇ ಎಂದ. ಪ್ರೊಫೆಸರ್ ನಗಲಿಲ್ಲ, ಬರೆದುಕೊಂಡರು. ಬೇರು ಎಷ್ಟು ಕುದಿಯಬೇಕು ಎನ್ನುವುದು ಪ್ರಶ್ನೆಯೇ ಅಲ್ಲ. ಅದು ವಿಷದ ಬೇರು. ಸರ್ಕಾರಿ ಪುಸ್ತಕದ ಪ್ರಕಾರ ಕುದಿಸಿ ಕುದಿಸಿ, ವಿಷ ಇಳಿದ ಮೇಲೆಯೇ ಪ್ಯಾಕೆಟ್. ಮೆಷಿನ್ ಮಾಡುತ್ತದೆ. ಆಮೇಲೆ ರೋಗಿ ಬಿಸಿ ಕುಡಿಯಲಿ, ತಣ್ಣಗೆ ಕುಡಿಯಲಿ, ಅಷ್ಟೇ ನನ್ನ ಮಾತಿನ ತೂಕ. ಹಾಗೆಂದುಕೊಂಡು ಹಗುರಾದೆ.

ಸಂಜೆ ಮೆಟ್ಟಿಲ ಮೇಲೆ ಲುವೋ ಅತ್ತೆ ಸಿಕ್ಕರು. ಮಾವನನ್ನು ಟ್ರಯಲ್‌ಗೆ ಸೇರಿಸಿಕೊಳ್ಳಲಿಲ್ಲವಂತೆ. ವಯಸ್ಸು ಮೀರಿದೆ, ಮೂತ್ರಪಿಂಡವೂ ಸರಿಯಿಲ್ಲ. ಒಂದು ಅಂತಸ್ತು ಹತ್ತುವುದಿರಲಿ, ಕಕ್ಕಸಿಗೆ ಹೋಗಿ ಬರುವಷ್ಟರಲ್ಲಿ ಏದುಸಿರು. ಅಮ್ಮನನ್ನು ನೆನೆದು ಕಣ್ಣು ಒರೆಸಿಕೊಂಡರು. ಆಮೇಲೆ ಸುಮ್ಮನೆ ಕೇಳಿದ ಹಾಗೆ, ಅಮ್ಮನ ಹಾಡಿನಲ್ಲಿ ಬರುತ್ತಲ್ಲ, ಅದು ಯಾವ ಲೆನ್ ಎಂದರು. ನನ್ನ ಒಂದು ಕೈಯಲ್ಲಿ ಸೊಪ್ಪು, ಇನ್ನೊಂದರಲ್ಲಿ ಬೀಗದ ಕೈ. ‘ತಣ್ಣಗೆ, ಅತ್ತೆ’ ಎಂದೆ. ಒಳಗೆ ಬಂದೆ.

ನವೆಂಬರ್ 19. ಸಂಜೆ

ಗೋಡೆಯಾಚೆ ಅಮ್ಮ ಹಾಡುತ್ತಿದ್ದಾಳೆ.

ಹೀಗೆ ಬರೆದು ಓದಿಕೊಂಡೆ. ಹೊಡೆದುಹಾಕಲು ಮನಸ್ಸಾಗಲಿಲ್ಲ.

ಅದೇ ರಾಗ. ಕೊನೆಯಲ್ಲಿ ಉಸಿರು ಸಾಲದೆ ಜಾರಿಬಿಡುವ ಅದೇ ರೀತಿ. ಪದ ಕೇಳಿಸಲಿಲ್ಲ. ಶುಂಠಿ, ದಾಲ್ಚಿನ್ನಿಯ ವಾಸನೆ. ಮಡಿಲಲ್ಲಿ ಕವಿತೆಯ ಪುಸ್ತಕ, ತೆರೆದ ಪುಟ ತೆರೆದಂತೆಯೇ. ಎದ್ದು ಕಿಟಕಿಯ ಕಟ್ಟೆ ನೋಡಿ ಬಂದೆ. ಬಟ್ಟಲು ಇರಲಿಲ್ಲ. ಇರುತ್ತದೆ ಎಂದುಕೊಂಡಿದ್ದೆನೇ?

ನವೆಂಬರ್ 27, ಬುಧವಾರ

ಓಣಿಯ ಬಾಯಲ್ಲಿ, ಗಿಂಕ್ಗೊ ಮರದ ಬುಡದಲ್ಲಿ ಕಷಾಯದ ಚರಟ ಸುರಿದಿದ್ದಾರೆ. ಇನ್ನೂ ಆವಿಯಾಡುತ್ತಿತ್ತು.

ಇದು ಹಳೆಯ ಪದ್ಧತಿ. ದಾರಿಗೆ ಸುರಿದರೆ ತುಳಿದವರ ಕಾಲಿಗಂಟಿ ಕಾಯಿಲೆ ಮನೆಬಿಟ್ಟು ಹೋಗುತ್ತದಂತೆ. ಯಾರೂ ಬಯ್ಯುವುದಿಲ್ಲ. ದಾಟಿಕೊಂಡೂ ಹೋಗುವುದಿಲ್ಲ. ತುಳಿದು, ಯಾರದೋ ಕಾಯಿಲೆಯ ಒಂದು ಚೂರು ಹೊತ್ತುಕೊಂಡು ಬಸ್ಸು ಹಿಡಿಯುತ್ತೇವೆ. ಅಮ್ಮ ಸುರಿಯುತ್ತಿದ್ದದ್ದು ಇದೇ ಬುಡಕ್ಕೆ. ಅವಳು ಹೋದ ಮೇಲೆ ಇಲ್ಲಿ ಚರಟ ಕಂಡಿರಲಿಲ್ಲ.

ಬಗ್ಗಿ ನೋಡಿದೆ. ಶುಂಠಿ, ಅತಿಮಧುರ, ದಾಲ್ಚಿನ್ನಿ ಚಕ್ಕೆ, ಕರಿಬೇರು. ಅಮ್ಮನ ಕಷಾಯವೇ. ಬೇರಿನ ಒಂದು ಬಿಲ್ಲೆಯನ್ನು ಕಾಗದದಲ್ಲಿ ಸುತ್ತಿಕೊಂಡೆ.

ಲ್ಯಾಬ್‌ನಲ್ಲಿ ಕತ್ತರಿಸಿದೆ. ನಡುವೆ ಬಿಳಿ, ಗಟ್ಟಿ. ಬೆಂದೇ ಇಲ್ಲ. ನಾಲಿಗೆಯ ತುದಿಗೆ ತಾಗಿಸಿ ಉಗುಳಿದೆ, ಬಾಯಿ ತೊಳೆದೆ. ಮೊದಲು ಏನೂ ಇಲ್ಲ. ಆಮೇಲೆ ಸಣ್ಣಗೆ ಇರುವೆ ಹರಿದ ಹಾಗೆ. ಆಮೇಲೆ ಜೋಮು. ಮೀಟಿಂಗ್‌ನಲ್ಲಿ ‘ಶೆನ್ ಝಿಲಾನ್’ ಎಂದು ನನ್ನ ಹೆಸರು ಕೂಗಿದಾಗ ‘ಇದ್ದೇನೆ’ ಎನ್ನಲು ನಾಲಿಗೆ ಹೊರಳಲಿಲ್ಲ.

ಆಗ ಹೊಳೆಯಿತು. ಮೆಟ್ಟಿಲು. ಸೊಪ್ಪು. ‘ತಣ್ಣಗೆ, ಅತ್ತೆ.’

ಅದೇ ದಿನ, ಸಂಜೆ

ರಜೆ ಹಾಕಿ ಓಡಿ ಬಂದೆ. ಬಾಗಿಲು ತೆರೆದವರು ಲುವೋ ಮಾವ. ತಾವೇ ನಡೆದು ಬಂದು ತೆರೆದರು. ಬೆಳಿಗ್ಗೆ ಮಾರ್ಕೆಟ್ಟಿಗೆ ಹೋಗಿ ಮೂಲಂಗಿ ತಂದರಂತೆ, ಒಬ್ಬರೇ, ಎಲ್ಲೂ ಕೂರದೆ. ಕೆನ್ನೆಯಲ್ಲಿ ರಕ್ತ.

“ನಿನ್ನಮ್ಮ ವಾಪಸ್ ಬಂದಿದ್ದಾಳೆ ಕಣೆ, ಝಿಲಾನ್,” ಎಂದರು. “ಇಲ್ಲಿ, ಎದೆಯೊಳಗೆ ಕೂತು ಒಲೆ ಊದ್ತಿದ್ದಾಳೆ.”

ಕಿಟಕಿಯ ಕಟ್ಟೆಯ ಮೇಲೆ ಬಟ್ಟಲು. ಕಷಾಯ ಆರುತ್ತಿತ್ತು.

ಗೋಡೆಯಾಚೆಯ ಹಾಡು ಅತ್ತೆಯದು. ಅಮ್ಮನಿಂದ ಕೇಳಿ ಕಲಿತದ್ದು. ಬೇರು ಮೆತ್ತಗಾಗಬೇಕಿಲ್ಲ ಎಂದುಕೊಂಡು ಒಂದು ಕುದಿ ಬರಿಸಿ ಇಳಿಸುತ್ತಾರಂತೆ. ಆಮೇಲೆ ತಣ್ಣಗಾಗುವವರೆಗೆ ಕಾಯುವುದು. ನಾನು ಹೆದರಿಸಿದೆ, ಬೇಡಿಕೊಂಡೆ. ಇದು ಕೊಲ್ಲುತ್ತದೆ ಎಂದೆ. ಅತ್ತೆ ನನ್ನ ಮುಖವನ್ನೇ ನೋಡಿದರು. ನೀನೇ ಹೇಳಿದೆಯಲ್ಲ ಎನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಬಟ್ಟಲನ್ನು ಚೆಲ್ಲಿದೆ. ಉಳಿದ ಬೇರನ್ನು ತಂದುಬಿಟ್ಟೆ. ಇನ್ನು ಮುಟ್ಟುವುದಿಲ್ಲ ಎಂದು ಮಾವ ಮಾತು ಕೊಟ್ಟರು, ಇಸ್ಪೀಟಿನಲ್ಲಿ ಮೋಸ ಮಾಡುವಾಗ ಕೊಡುವ ಮಾತಿನ ಹಾಗೆ.

ಡಿಸೆಂಬರ್ 10

ಲ್ಯಾಬ್‌ನಲ್ಲಿ ಕಷಾಯ ಕೊಟ್ಟಿದ್ದ ಇಲಿಗಳ ಹೃದಯದ ರಿಪೋರ್ಟ್ ಬಂತು. ಪುಸ್ತಕದ ಪ್ರಕಾರ ಪೂರ್ತಿ ಕುದಿಸಿದ್ದು ಕೊಟ್ಟ ಗುಂಪು ಇದ್ದ ಹಾಗೇ ಇದೆ. ಅರೆಬೆಂದದ್ದು ಕೊಟ್ಟ ಗುಂಪಿನ ಹೃದಯಗಳು ಎದ್ದು ಓಡಿದವು. ಆಮೇಲೆ ನಿಂತವು.

“ಅಂದರೆ ನಾವು ರೋಗಿಗಳಿಗೆ ಕೊಡ್ತಿರೋದು ಸುರಕ್ಷಿತವಾದ ನೀರು,” ಎಂದ ಹೋ ಬಿನ್. ಈ ಸಲ ಕಿಚಾಯಿಸುತ್ತಿರಲಿಲ್ಲ.

ಈ ಎರಡರ ನಡುವೆ ಎಲ್ಲೋ ಒಂದು ಕೂದಲೆಳೆಯ ದಾರಿ ಇದೆ. ಅಮ್ಮ ಅದರ ಮೇಲೆ ನಡೆದಳು. ಊರಿನವರನ್ನೂ ನಡೆಸಿದಳು. ಹೇಗೆ?

ಪ್ರೊಫೆಸರ್ ಕೋಣೆಗೆ ಹೋಗಿ ‘ತಣ್ಣಗೆ’ ಎಂದದ್ದನ್ನು ತೆಗೆಯಿರಿ ಎಂದೆ. ಅಮ್ಮ ಏನು ಮಾಡುತ್ತಿದ್ದಳು ಎಂಬುದು ನನಗೆ ಗೊತ್ತಿಲ್ಲ. ಅವರು ಕನ್ನಡಕ ತೆಗೆದು ಒರೆಸಿದರು. ಗೊತ್ತಿಲ್ಲ ಎಂಬುದಕ್ಕೆ ಪ್ರೋಟೊಕಾಲ್‌ನಲ್ಲಿ ಜಾಗವಿಲ್ಲವಂತೆ. ಟ್ರಯಲ್ ನಡೆಯುತ್ತದೆ, ಯಾರಿಗೂ ಅಪಾಯವಿಲ್ಲವಲ್ಲ, ಮನೆಗೆ ಹೋಗಿ ಮಲಗು ಎಂದರು.

ಕವಿತೆಯಲ್ಲಿ ಶ್ಲೇಷೆ ಸೊಗಸು. ಒಂದೇ ಪದದಲ್ಲಿ ಎರಡು ದೀಪ ಎಂದು ನಾನೇ ಎಷ್ಟು ಸಲ ಹಿಗ್ಗಿದ್ದೇನೆ… ಕಷಾಯದಲ್ಲಿ?

ಗೋಡೆಯಾಚೆ ಸದ್ದಿಲ್ಲ. ಅದೇ ಹೆದರಿಕೆ. ಹಾಡು ಕೇಳಿದರೂ ಹೆದರಿಕೆ.

ಡಿಸೆಂಬರ್ 22, ಭಾನುವಾರ. ವರ್ಷದ ಅತಿ ಗಿಡ್ಡ ಹಗಲು

ಚಳಿ ಬಲಿಯುವ ದಿನ. ಊರಿಗೆ ಊರೇ ಕುರಿಮಾಂಸದ ಸಾರು ಕುಡಿಯುವ ದಿನ. ಕೆಲವರು ಅದಕ್ಕೆ ಕರಿಬೇರು ಹಾಕುತ್ತಾರೆ, ಮೈ ಬಿಸಿಯಿರಲಿ ಎಂದು. ಮಾರ್ಕೆಟ್‌ನಲ್ಲಿ ರಾಶಿ ರಾಶಿ. ನಾನು ಕಿತ್ತು ತಂದದ್ದು ಯಾವ ಲೆಕ್ಕ.

ಮಧ್ಯಾಹ್ನ ಗೋಡೆಗೆ ಏನೋ ಬಡಿಯಿತು. ಹೋಗುವಷ್ಟರಲ್ಲಿ ಮಾವ ನೆಲದ ಮೇಲೆ. ತುಟಿ ನೀಲಿ. ಕಿಟಕಿಯಲ್ಲಿ ಬಟ್ಟಲು, ಖಾಲಿ. ಕುಡಿಯದಿದ್ದ ದಿನಗಳಲ್ಲಿ ಮತ್ತೆ ಹಾಸಿಗೆ ಹಿಡಿದಿದ್ದರಂತೆ. ಹಬ್ಬದ ದಿನವಾದರೂ ಮೇಜಿನ ಮುಂದೆ ಕೂರುತ್ತೇನೆ ಎಂದು ಹಟ ಮಾಡಿದರಂತೆ.

ಆ್ಯಂಬುಲೆನ್ಸ್‌ನಲ್ಲಿ ನಾನು ಕೂತೆ. ಯಾವ ಬೇರು, ಹೇಗೆ ಕುದಿಸಿದ್ದು, ಎಲ್ಲ ಹೇಳಿದೆ. ಯಾರು ಹೇಳಿಕೊಟ್ಟರು ಎಂದು ಜೊತೆಗಿದ್ದ ನರ್ಸ್ ಕೇಳಿದಳು.

ನಾನು ಎಂದೆ.

ಡಿಸೆಂಬರ್ 25

ಬದುಕಿದ್ದಾರೆ. ವಾರ್ಡಿಗೆ ಹೋಗಿದ್ದೆ. ಕೈಯಲ್ಲಿ ಸೂಜಿ, ಎದೆಗೆ ವೈರು. ಆದರೂ ನನ್ನ ಸಪ್ಪೆ ಗಂಜಿ ನೋಡಿ, ನಿನ್ನಮ್ಮನ ಉಪ್ಪಿನ ಡಬ್ಬಿ ತರಬಾರದಿತ್ತೇ ಎಂದರು.

ಆಮೇಲೆ ತಾವಾಗಿಯೇ ಹೇಳಿದರು. ಅಮ್ಮ ಕಷಾಯವನ್ನು ಕೊಡುವ ಮೊದಲು ಬಟ್ಟಲಿಗೆ ಸ್ವಲ್ಪ ಬಗ್ಗಿಸಿ ಕಿಟಕಿಯಲ್ಲಿಡುತ್ತಿದ್ದಳಂತೆ. ಆರಿದ ಮೇಲೆ ಬೆರಳದ್ದಿ ನಾಲಿಗೆಗೆ ಮುಟ್ಟಿಸಿಕೊಂಡು, ಕಣ್ಣು ಮುಚ್ಚಿ ಕೂರುತ್ತಿದ್ದಳು. ಕೆಲವು ಸಲ ತಲೆಯಾಡಿಸಿ ಕೊಡುತ್ತಿದ್ದಳು. ಕೆಲವು ಸಲ ಕುಡಿಕೆಯನ್ನು ಮತ್ತೆ ಒಲೆಗೇರಿಸುತ್ತಿದ್ದಳು.

“ನನಗೆ ಒಂಥರಾ ಕುದಿಸ್ತಿದ್ದಳು, ಕಟುಕರ ಹೆಂಡತಿಗೆ ಇನ್ನೊಂಥರಾ,” ಎಂದರು ಮಾವ. “ಆಮೇಲೆ ನನ್ನ ಪಾಲು ಬಿಸಿಬಿಸಿ ಕೊಡೋಳು. ತುಟಿ ಸುಟ್ಟುಕೊಂಡು ಬಯ್ದಿದ್ದೀನಿ.”

ಬಿಸಿಬಿಸಿ.

ಬಸ್ಸಿನಲ್ಲಿ ಕೂತು ಯೋಚಿಸಿದೆ. ಬಿಸಿಯಲ್ಲಿ ನಾಲಿಗೆಗೆ ಜೋಮು ತಿಳಿಯುವುದಿಲ್ಲ. ಬೇರು ಮೆತ್ತಗಾಗಿದೆಯೇ ಎಂದು ಬಲ್ಲದ್ದು ಆರಿದ ಹನಿ ಮಾತ್ರ. ಎರಡೂ ಲೆನ್. ಹಾಡಿನಲ್ಲಿ ಎರಡೂ ಇದ್ದವು. ಅಮ್ಮ ಆರಿಸುತ್ತಿದ್ದದ್ದು ರೋಗಿಗಲ್ಲ. ತನ್ನ ನಾಲಿಗೆಗೆ.

ಪ್ರತಿ ದಿನ. ಪ್ರತಿ ಕುಡಿಕೆ. ಊರಿನವರೆಲ್ಲರ ವಿಷದ ಒಂದೊಂದು ಹನಿ.

ಉಪ್ಪು ಅವಳಿಗೆ ತಿಳಿಯುತ್ತಿರಲಿಲ್ಲ. ನಾವು ನಗುತ್ತಿದ್ದೆವು. ಅವಳ ಹೃದಯ ಸುಮ್ಮನೆ, ಯಾವ ಕಾಯಿಲೆಯೂ ಇಲ್ಲದೆ, ಒಂದು ಬೆಳಿಗ್ಗೆ ನಿಂತಾಗ ವಯಸ್ಸು ಎಂದುಕೊಂಡೆವು…

ಮನೆಗೆ ಬಂದು ಅನ್ನಕ್ಕೆ ಉಪ್ಪು ಹಾಕಿಕೊಂಡು ತಿಂದೆ. ಉಪ್ಪಾಗಿದೆ. ನನಗೆ ಇನ್ನೂ ತಿಳಿಯುತ್ತದೆ.

ಡಿಸೆಂಬರ್ 28

ಪ್ರೊಫೆಸರ್‌ಗೆ ಹೇಳಿದೆ, ನಾಲಿಗೆಯ ಸಂಗತಿ. ಸುಂದರವಾಗಿದೆ ಎಂದರು. ಆಮೇಲೆ, ಯಾರ ನಾಲಿಗೆಯನ್ನು ಸ್ಟ್ಯಾಂಡರ್ಡ್ ಮಾಡೋಣ, ಶೆನ್, ಎಂದು ಕೇಳಿದರು. ವ್ಯಂಗ್ಯವಲ್ಲ. ನಿಜವಾಗಿ ಕೇಳಿದರು.

ಮನೆಗೆ ಬರುವಾಗ ಮರದ ಬುಡ ನೋಡಿದೆ. ಹಳೆಯ ಚರಟದ ಮೇಲೆ ಹಳದಿ ಎಲೆ. ಬೇಕೆಂದೇ ತುಳಿದೆ.

ಡಿಸೆಂಬರ್ 30, ಸೋಮವಾರ. ಸಂಜೆ

ಮಾವನನ್ನು ಮನೆಗೆ ಕಳಿಸಿದ್ದಾರೆ. ಹೋ ಬಿನ್ ಫೋನ್ ಮಾಡಿದ. ವಿಷ ಇಳಿದಿದೆ, ಆದರೆ ಹೃದಯ ಮೊದಲೇ ಸೋತದ್ದು. ಕೊಡುವಷ್ಟು ಮಾತ್ರೆ ಕೊಟ್ಟಾಗಿದೆಯಂತೆ. ಚಾಂದ್ರಮಾನ ಹೊಸ ವರ್ಷದ ಹಬ್ಬ ಕಂಡರೆ ಹೆಚ್ಚು ಎಂದ. ಆಮೇಲೆ, ನೀನು ಯಾವ ಹುಚ್ಚಾಟಕ್ಕೂ ಕೈ ಹಾಕಬೇಡ ಎಂದ. ನಾನು ಬಾಯಿ ಬಿಟ್ಟಿರಲಿಲ್ಲ.

ಅನ್ನಕ್ಕಿಟ್ಟೆ. ನೀಲಿ ಅಂಚಿನ ಬಟ್ಟಲನ್ನು ಯಾಕೋ ತೆಗೆದು ತೊಳೆದೆ. ತೊಳೆಯುವಾಗ ಯಾರೋ ಗುನುಗುತ್ತಿದ್ದರು. ಗೋಡೆಗೆ ಕಿವಿಯಿಟ್ಟೆ. ಸದ್ದು ನಿಂತಿತು. ಸ್ವಲ್ಪ ಹೊತ್ತು ಬೇಕಾಯಿತು, ಅದು ನನ್ನದೇ ಬಾಯಿ ಎಂದು ತಿಳಿಯಲು.

ಬಾಗಿಲು ಬಡಿದರು. ಲುವೋ ಅತ್ತೆ. ಕೈಯಲ್ಲಿ ಅಮ್ಮನ ಕಾಲದ ಮಣ್ಣಿನ ಕುಡಿಕೆ, ಅದರೊಳಗೆ ಕಾಗದದಲ್ಲಿ ಸುತ್ತಿದ ಕರಿಬೇರು. ಅತ್ತು ಅತ್ತು ದನಿ ಹೋಗಿತ್ತು. ಒಳಗೆ ಬನ್ನಿ ಎಂದೆ, ಬರಲಿಲ್ಲ. ಹೊಸ್ತಿಲ ಆಚೆಯೇ ನಿಂತು ಪಿಸುಗುಟ್ಟಿದರು.

“ಯಾವ ಲೆನ್ ಆದ್ರೂ ಸರಿಯಂತೆ ನಿನ್ನ ಮಾವನಿಗೆ, ಮಗಳೇ. ರುಚಿ ನೋಡೋ ನಾಲಿಗೆ ನಿನ್ನದಾದ್ರೆ ಸಾಕಂತೆ.”