ಬದಲಿ ಮರಿ

ಮಾರ್ಚ್ 4, ಸಂಜೆ

ಮೂಗಿನ ತುಂಬಾ ಹತ್ತಿ. ಸೀನಿದರೆ ಬಿಳಿ ಬರುತ್ತೆ. ಇವತ್ತು ಅಂಗಡಿಗೆ ಎರಡು ಹಾಸಿಗೆ ವಾಪಸ್. ಐದು ವರ್ಷ ಗ್ಯಾರಂಟಿ ಕೊಟ್ಟಿದ್ದು, ಮೂರಕ್ಕೇ ಕುಸಿದಿವೆ. ಮೇಸ್ತ್ರಿ ಹೊಸದು ಕೊಟ್ಟು ಕಳಿಸಿದ. ಹಳೆಯದನ್ನು ಹರಿಯೋ ಕೆಲಸ ನನ್ನದು. ಬಟ್ಟೆ ಸೀಳು, ಹತ್ತಿ ಕೆದರು, ಗೋಣಿಗೆ ತುಂಬು. ಯಾರದೋ ಬೆವರಿನ ವಾಸನೆ.

ಮನೆಗೆ ಬಂದರೆ ಅಪ್ಪ ಅದೇ ಮಂಚ, ಅದೇ ಗೋಡೆ. ಕಣ್ಣು ಮಂಜಾಗಿ ಸ್ಕೂಲ್ ವ್ಯಾನಿನ ಕೆಲಸ ಹೋದಾಗಿನಿಂದ ಹೀಗೇ. ಅಮ್ಮ ಬದುಕಿದ್ದರೆ ಬೈದಾದರೂ ಎಬ್ಬಿಸ್ತಿದ್ದಳು. ಡಾಕ್ಟರು ದಿನಾ ನಡೀರಿ ಅಂದಿದ್ದಾರೆ. "ಎಲ್ಲಿಗೆ ನಡೀಲಿ? ಗೋಡೆವರೆಗೂ ನಡೀತಿದೀನಲ್ಲ" ಅಂತಾನೆ.

ಅಕ್ಕ ಮತ್ತೆ ನಾಯಿಮರಿ ಮಾತು ತೆಗೆದಳು. ನಾಯಿ ಎಳೆದರೆ ಅಪ್ಪ ಎದ್ದು ಹೋಗ್ತಾನಂತೆ. ಹತ್ತಿ ತಿಂದದ್ದು ಸಾಲದಾ, ಇನ್ನು ಕೂದಲೂ ತಿನ್ನಲಾ ಅಂದೆ. ಕೇಳಿಸಿಕೊಂಡರೆ ತಾನೇ.

ಮಾರ್ಚ್ 9, ಭಾನುವಾರ

ತಂದಾಯ್ತು. ಕಂದು ಬಣ್ಣ, ಎದೆ ಮೇಲೆ ಬಿಳಿ ಮಚ್ಚೆ.

ಮರಿ ಮಾರುವ ಮೇಡಂ ಮನೆ ಊರಾಚೆ. ಅಂಗಳ ಪೂರ್ತಿ ಫಿನಾಯಿಲ್ ವಾಸನೆ. ನಾಲ್ಕು ಹಾಳೆಯ ಒಪ್ಪಂದ ಮುಂದಿಟ್ಟಳು. "ಓದಿ, ಆಮೇಲೆ ಸೈನ್ ಹಾಕಿ." ಓದಿದವನ ಥರ ಹಾಳೆ ತಿರುವಿ ಗೀಚಿದೆ. ಒಂಬತ್ತನೇ ಕ್ಲಾಸಿಗೆ ಬಿಟ್ಟವನು ಅಂತ ಅವಳಿಗೆ ಯಾಕೆ ಗೊತ್ತಾಗಬೇಕು.

ಬಸ್ಸಲ್ಲಿ ಅಕ್ಕ ಕಸಿದುಕೊಂಡು ಓದಿದಳು. ಮೂರು ದಿನದೊಳಗೆ ಡಾಕ್ಟರಿಗೆ ತೋರಿಸಬೇಕು, ಇಲ್ಲದಿದ್ದರೆ ಗ್ಯಾರಂಟಿ ಇಲ್ಲ. ಹುಟ್ಟಿನಿಂದ ಬಂದ ಕಾಯಿಲೆ ಒಂದು ವರ್ಷದೊಳಗೆ ಗೊತ್ತಾದರೆ ಮರಿ ವಾಪಸ್ ಕೊಡಬೇಕು, ಬದಲಿ ಮರಿ ಕೊಡ್ತಾರೆ. ವಾಪಸ್ ಬಂದದ್ದನ್ನು ಏನು ಮಾಡೋದು ಅನ್ನೋದು ಮಾರಿದವರ ಇಷ್ಟ.

"ಆರೋಗ್ಯದ ಗ್ಯಾರಂಟಿ ಅಂದಳಲ್ಲ?"

"ಕಾಯಿಲೆ ಬರಲ್ಲ ಅಂತ ಯಾರೂ ಬರ್ಕೊಡಲ್ಲ ಕಣೋ, ಪೆದ್ದ. ಬಂದ್ರೆ ಏನ್ ಮಾಡ್ತೀವಿ ಅಂತ ಬರ್ಕೊಡ್ತಾರೆ. ಅಷ್ಟೇ."

ಹಾಸಿಗೆ ಅಂಗಡಿಯಲ್ಲೂ ಹಾಗೇ. ಗೊತ್ತಿರಬೇಕಿತ್ತು ನನಗೆ.

ಅಪ್ಪ ಮರಿಯನ್ನು ತೊಡೆ ಮೇಲೆ ಹಾಕಿಕೊಂಡು ಕಿವಿ, ಕಾಲು, ಬಾಲ ಎಲ್ಲ ತಡವಿ ನೋಡಿದ. "ಇಷ್ಟು ವರ್ಷ ವ್ಯಾನಿಗೆ ಕ್ಲೀನರ್ ಕೊಡಿ ಅಂತ ಬಾಯಿ ಬಡ್ಕೊಂಡೆ. ಈಗ ಬಂದಿದಾನೆ ನೋಡು" ಅಂದ. ಹೆಸರು ಅದೇ ಆಯ್ತು. ಕ್ಲೀನರ್.

ಮಾರ್ಚ್ 11

ಡಾಕ್ಟರಿಗೆ ತೋರಿಸಿದೆ. ಕಿವಿ ನೋಡಿದರು, ಒಸಡು ನೋಡಿದರು, ಎದೆಗೆ ಟ್ಯೂಬ್ ಇಟ್ಟರು, ಸೀಲ್ ಒತ್ತಿದರು. ಅರ್ಧ ದಿನ ರಜೆ ಹೋಯ್ತು. ಮೇಸ್ತ್ರಿ ಕೇಳಿದ, "ಏನಪ್ಪಾ, ಬಾಣಂತನ ಮುಗೀತಾ?" ದರಿದ್ರದವನು.

ಮಾರ್ಚ್ 30

ಅಪ್ಪ ಬೀದಿ ಕೊನೆವರೆಗೂ ಹೋಗಿ ಬರ್ತಾನೆ. ದಿನಾ. ನಾನೇ ಕಣ್ಣಾರೆ ನೋಡದಿದ್ದರೆ ನಂಬ್ತಿರಲಿಲ್ಲ.

ಇವತ್ತು ಹಿಂದೆ ಹಿಂದೆ ಹೋದೆ. ಕ್ಲೀನರ್ ನಾಲ್ಕು ಮನೆ ದಾಟಿದರೆ ಕೂತುಬಿಡುತ್ತೆ. ಹಗ್ಗ ಸಡಿಲವಾದ ತಕ್ಷಣ ಅಪ್ಪನೂ ನಿಲ್ತಾನೆ. "ಸ್ಟಾಪ್ ಬಂತೇನಪ್ಪ? ಇಳಿಯೋರು ಇಳೀರಿ." ಸ್ವಲ್ಪ ಹೊತ್ತು ಬಿಟ್ಟು ಅದು ಏಳುತ್ತೆ. "ರೈಟ್" ಅಂತಾನೆ. ಇಬ್ಬರೂ ಹೊರಡ್ತಾರೆ. ಎದುರುಮನೆಯವರು ನಗ್ತಾರೆ. ಅಪ್ಪನೂ ನಗ್ತಾನೆ.

ಸೋಮಾರಿ ನಾಯಿ ಅಂದುಕೊಂಡೆ. ಅಪ್ಪನಿಗೆ ಸರಿಯಾದ ಜೋಡಿ.

ಏಪ್ರಿಲ್ 12

ಎರಡನೇ ಇಂಜೆಕ್ಷನ್. ಡಾಕ್ಟರು ಎದೆ ಮೇಲೆ ಟ್ಯೂಬ್ ಇಟ್ಟವರು ತೆಗೆಯಲೇ ಇಲ್ಲ. ಸ್ಕ್ಯಾನ್ ಮಾಡಿದರು. ಹೃದಯದಿಂದ ರಕ್ತ ಹೊರಗೆ ಹೋಗೋ ದಾರಿ ಕಿರಿದು. ಹುಟ್ಟಿನಿಂದಲೇ. ನಾಲ್ಕು ಮನೆಗೇ ಕೂರೋದು ಅದಕ್ಕೇ.

"ಆಪರೇಷನ್?"

"ಇಷ್ಟು ಜೋರಾಗಿದ್ರೆ ಉಪಯೋಗ ಇಲ್ಲ. ಮಾತ್ರೆ ಕೊಡ್ತೀನಿ. ಆದ್ರೆ ಯಾವತ್ತೋ ಒಂದಿನ ನಡೀತಾ ನಡೀತಾ ಬಿದ್ದುಬಿಡಬಹುದು."

"ಹೋದ್ಸಲ ಕಿವಿಗೆ ಹತ್ತಿ ಇಟ್ಕೊಂಡಿದ್ರಾ?"

ಸಿಟ್ಟಾಗಲಿಲ್ಲ ಅವರು. ಮರಿ ಚಿಕ್ಕದಿದ್ದಾಗ ಸದ್ದು ಸಣ್ಣಗಿರುತ್ತೆ, ಬೆಳೀತಾ ಜೋರಾಗುತ್ತೆ ಅಂದರು. ಮೇಜಿನ ಕಾಲಿಗೆ ಒದ್ದೆ. ನನ್ನ ಕಾಲೇ ನೋಯ್ತು.

ಅಪ್ಪನಿಗೆ ಹೇಳಿಲ್ಲ.

ಏಪ್ರಿಲ್ 14

ಜಗಳಕ್ಕೇ ಹೋದೆ. ಬಸ್ಸಲ್ಲಿ ಪೂರ್ತಿ ಬೈಗುಳ ಜೋಡಿಸಿಕೊಂಡು ಹೋದೆ. ಮೇಡಂ ಡಾಕ್ಟರ ಚೀಟಿ ಓದಿದಳು, ಕನ್ನಡಕ ತೆಗೆದಳು. "ನಿಮ್ಮ ಪೇಪರ್ ಎಲ್ಲ ಸರಿ ಇದೆ. ಇದರ ತಮ್ಮ ಒಬ್ಬ ಉಳ್ಕೊಂಡಿದಾನೆ, ಸ್ಕ್ಯಾನ್ ಮಾಡ್ಸಿದೀನಿ, ಎದೆ ಚೆನ್ನಾಗಿದೆ. ಇದನ್ನ ತಂದ್ಕೊಡಿ, ಅವನನ್ನ ಕರ್ಕೊಂಡ್ಹೋಗಿ."

ಬೈಗುಳವೆಲ್ಲ ಬಾಯಲ್ಲೇ ಉಳೀತು.

"ಇದನ್ನ ಏನ್ ಮಾಡ್ತೀರಿ?"

"ಇಂಜೆಕ್ಷನ್ ಕೊಟ್ಟು ಮಲಗಿಸಿಬಿಡ್ತೀವಿ, ಮತ್ತೆ ಏಳಲ್ಲ. ನೋವಾಗಲ್ಲ."

"ಕೊಡದೇ ಇದ್ರೆ?"

"ನೀವೇ ಇಟ್ಕೊಳಿ. ಆದ್ರೆ ಆಮೇಲೆ ನಾನೇನೂ ಕೊಡಕ್ಕಾಗಲ್ಲ."

ಮನೆಗೆ ಬಂದಾಗ ಅಕ್ಕ, ಅಪ್ಪನಿಗೆ ಹೇಳಿಬಿಡೋಣ ಅಂದಳು. ಬೇಡ ಅಂದೆ. ರಸ್ತೆ ಮಧ್ಯೆ ಅದು ಬೀಳುತ್ತೆ. ಹಗ್ಗ ಹಿಡಿದುಕೊಂಡು, ಏನಾಯ್ತು ಅಂತ ಕಾಣದೆ, ಅಪ್ಪ "ರೈಟ್, ರೈಟ್" ಅಂತ ನಿಂತಿರ್ತಾನೆ. ಆಮೇಲೆ ಮಂಚ ಹಿಡಿದರೆ ಎದ್ದ ಹಾಗೇ. ನಾಯಿ ಹೋಗಲಿ, ಅಪ್ಪ ಉಳೀಲಿ. ಮರಿ ಎರಡೂ ಒಂದೇ ಥರ ಇವೆ. ಅಪ್ಪನಿಗೆ ಏನು ಕಾಣುತ್ತೆ.

"ನಿನ್ನ ತಲೇಲೂ ಹತ್ತೀನೇ" ಅಂದಳು ಅಕ್ಕ. ಆದರೆ ತಡೀಲಿಲ್ಲ.

ಏಪ್ರಿಲ್ 19

ಇಂಜೆಕ್ಷನ್ ಅಂತ ಅಪ್ಪನಿಗೆ ಹೇಳಿ ಕ್ಲೀನರನ್ನು ಕರೆದುಕೊಂಡು ಹೋದೆ. ಬಸ್ಸಲ್ಲಿ ತೊಡೆ ಮೇಲೆ ನಿದ್ದೆ ಮಾಡ್ತು.

ಮೇಡಂ ಮನೆ ಅಂಗಳದಲ್ಲಿ ಕೊರಳಪಟ್ಟಿ ಬಿಚ್ಚಿ ಇನ್ನೊಂದಕ್ಕೆ ಹಾಕಿದೆ. ಇನ್ನೂ ಬೆಚ್ಚಗಿತ್ತು ಪಟ್ಟಿ.

"ಡಾಕ್ಟರು ಸಂಜೆ ಬರ್ತಾರೆ. ಇರ್ತೀರಾ?" ಅಂದಳು ಮೇಡಂ.

ಬಸ್ಸಿದೆ ಅಂದೆ. ಬಸ್ಸಿರಲಿಲ್ಲ. ಸ್ಟಾಪಲ್ಲಿ ಎಷ್ಟೋ ಹೊತ್ತು ನಿಂತಿದ್ದೆ. ಹೊಸದು ನನ್ನ ಶೂ ಲೇಸ್ ಕಚ್ಚಿ ಕಚ್ಚಿ ಎಳೀತಿತ್ತು. ಹರಿದು ಕೆದರೋ ಕೆಲಸ ದಿನಾ ಮಾಡ್ತೀನಿ. ವಾಪಸ್ ಕೊಟ್ಟದ್ದು ಏನಾಗುತ್ತೆ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು.

ಮನೆಯಲ್ಲಿ ಅಪ್ಪ ಕೈ ಚಾಚಿದ. "ಏನ್ ಕ್ಲೀನರ್ ಸಾಹೇಬ್ರೇ." ಅದು ಮಂಚದ ಕೆಳಗೆ ನುಗ್ಗಿತು. ಹಿಡಿದು ಕೊಟ್ಟೆ. ಬೆನ್ನು ಸವರಿದ. ಎದೆ ಹತ್ತಿರ ಕೈ ನಿಂತಿತು.

"ಗಟ್ಟಿ ಆಗಿದೆ."

"ಟಾನಿಕ್ ಕೊಟ್ಟಿದಾರೆ" ಅಂದೆ.

ಏಪ್ರಿಲ್ 21

ಅಪ್ಪ ಬಿದ್ದ. ಅದು ಎಳೆದ ರಭಸಕ್ಕೆ. ಮೊಣಕಾಲು ತರಚಿದೆ. ಅಕ್ಕ ಮುಲಾಮು ಹಚ್ಚುವಾಗ ಅಪ್ಪ ಮೆಲ್ಲಗೆ ಹೇಳಿದ, "ಇಂಜಿನ್ ಹೊಸದು. ಪಿಕಪ್ ಜಾಸ್ತಿ."

ಅಕ್ಕ ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ.

ಏಪ್ರಿಲ್ 27

ಕ್ಲೀನರ್ ಅಂತ ಕರೆಯೋದು ನಿಲ್ಲಿಸಿದ್ದಾನೆ. "ಮರಿ, ಬಾ" ಅಂತಾನೆ.

ವಾಕಿಂಗ್ ಬಿಟ್ಟಿಲ್ಲ. ನಾಲ್ಕು ಮನೆ ದಾಟಿದ ಕೂಡಲೇ ತಾನೇ ನಿಲ್ತಾನೆ. ಮರಿ ಮುಂದಕ್ಕೆ ಜಗ್ಗುತ್ತೆ. ಇವನು ಹಗ್ಗ ಸುತ್ತಿಕೊಂಡು ಸುಮ್ಮನೆ ನಿಂತಿರ್ತಾನೆ. ರೈಟ್ ಅನ್ನಲ್ಲ.

ಮೇ 2

ಬಟ್ಟಲು ತೊಳೀತಿದ್ದೆ. ಅಪ್ಪ ಬಂದು ಬಾಗಿಲಿಗೆ ಒರಗಿದ.

"ಕ್ಲೀನರ್‌ಗೆ ಏನಾಗಿತ್ತೋ?"

ಎಲ್ಲ ಹೇಳಿದೆ. ಎದೆ, ಸ್ಕ್ಯಾನ್, ಬದಲಿ. ಬೈತಾನೆ ಅಂತ ಕಾದೆ. ಬೈಸಿಕೊಳ್ಳಬೇಕು ಅಂತ ಕಾದೆ.

"ಕಾಗದದಲ್ಲಿ ಹಾಗಿತ್ತಾ?"

"ಹೂಂ."

"ವ್ಯಾನಿನವ್ರೂ ನನ್ನ ಹತ್ರ ಹಾಗೇ ಬರ್ಸ್ಕೊಂಡಿದ್ರು. ಕಣ್ಣು ಹೋದ್ರೆ ಬೇರೆ ಡ್ರೈವರ್ ಹಾಕ್ತೀವಿ ಅಂತ." ಮರಿ ಕಾಲಿಗೆ ಬಂತು, ಬಗ್ಗಿ ತಲೆ ಸವರಿದ. "ನನ್ನ ಜಾಗಕ್ಕೆ ಬಂದವನು ಒಳ್ಳೆ ಹುಡುಗ. ಅವನದೇನು ತಪ್ಪು. ಈ ಮರೀದೂ ತಪ್ಪಿಲ್ಲ."

ನಲ್ಲಿ ಬಿಟ್ಟೇ ಇದ್ದೆ. ನೀರು ಹರೀತಿತ್ತು.

"ಕೊನೇಲಿ ಯಾರ ಕೈಯಲ್ಲಿತ್ತು ಅದು?"

"ನನ್ನ ಕೈಯಲ್ಲೇ" ಅಂದೆ.

ಅಪ್ಪ ತಡಕಾಡಿ ನನ್ನ ಮಣಿಕಟ್ಟು ಹಿಡಿದ. ಒದ್ದೆ ಕೈ. "ಅಷ್ಟಾದ್ರೂ ಆಯ್ತಲ್ಲ" ಅಂದ. ಬಿಡಲೇ ಇಲ್ಲ ಎಷ್ಟೋ ಹೊತ್ತು.



ಮೇ 3, ಸಂಜೆ

ಮೇಡಂಗೆ ಫೋನ್ ಮಾಡಿದೆ. ಯಾಕೆ ಮಾಡಿದೆನೋ. ನೋವಾಗಲಿಲ್ಲ ತಾನೇ ಅಂತ ಕೇಳೋಕೆ.

ನೋವಾಗಲಿಲ್ಲ ಅಂದಳು. ಆವತ್ತು ಸಂಜೆ ಡಾಕ್ಟರು ಬರಲಿಲ್ಲವಂತೆ, ಮಾರನೇ ದಿನ ಬಂದರಂತೆ. "ಒಳಗೆ ಬರ್ಲೇ ಇಲ್ಲ ಅದು. ಗೇಟ್ ಹತ್ರಾನೇ ಕೂತಿತ್ತು, ನೀವು ಹೋದ ಕಡೆ ನೋಡ್ತಾ. ಹಾಲಿಟ್ರೂ ಮುಟ್ಲಿಲ್ಲ."

ಅವಳು ಸುಳ್ಳಾದರೂ ಹೇಳಬಾರದಿತ್ತಾ. ನಾನು ಅಪ್ಪನಿಗೆ ಹೇಳಲಿಲ್ಲವಾ, ಕೊನೇಲಿ ನನ್ನ ಕೈಯಲ್ಲೇ ಇತ್ತು ಅಂತ.

ಹೊರಗೆ ಅಪ್ಪ ಚಪ್ಪಲಿ ಹುಡುಕ್ತಿದ್ದಾನೆ. ಮರಿ ಕುಣೀತಿದೆ. "ಬಾರೋ, ಇವತ್ತು ನೀನೂ ಬಾ. ಮೂರು ಜನ ಹೋಗೋಣ" ಅಂತಿದ್ದಾನೆ. ಮುಖದಲ್ಲಿ ನಗು ಇದೆ.

ಹೇಳಿದರೆ ಮತ್ತೆ ಮಂಚ ಹಿಡೀತಾನೋ ಏನೋ. ಹೇಳದಿದ್ದರೆ ದಿನಾ ನನ್ನ ಈ ಕೈ ಹಿಡ್ಕೊಂಡು ಬೀದಿ ದಾಟ್ತಾನೆ.

ಮೊದಲನೇ ಸ್ಟಾಪಿನಲ್ಲೇ ಹೇಳ್ತೀನಿ. ಹೀಗೆ ಶುರು ಮಾಡ್ತೀನಿ. ಅಪ್ಪಾ, ಆವತ್ತು ನಾನು ಅಲ್ಲಿ—